ಡಿವೈಜಿಸ್ ಪೇಟೆಯ ಸಾಕ್ಷಿಗಲ್ಲು



ಸ್ಟೋನ್‌ಹೆಂಜ್ ನೋಡದವರು ಈ ಸಭೆಯಲ್ಲಿ ಯಾರೂ ಇರಲಾರರು. ಊರಿನಿಂದ ಅಪ್ಪ ಅಮ್ಮ ಬಂದಾಗಲೆಲ್ಲ ಪುಳಿಯೋಗರೆ ಕಟ್ಟಿಕೊಂಡು ಅಲ್ಲಿಗೆ ಹೋಗುವುದು ನಮ್ಮೆಲ್ಲರ ಕುಲಾಚಾರವೇ ಆಗಿಬಿಟ್ಟಿದೆ! ಮುಂದಿನ ಸಲ ಅದೇ ವಿಲ್ಟ್‌ಶೈರಿನ ಡಿವೈಜಿಸ್ ಊರಿಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಪೇಟೆ ಚೌಕದಲ್ಲಿ ಕಲ್ಲಿನದೊಂದು 'ಮಾರ್ಕೆಟ್ ಕ್ರಾಸ್' ಇದೆ. ಕ್ರಾಸ್ ಎಂದ ಮಾತ್ರಕ್ಕೆ ಬರೀ ಶಿಲುಬೆಯಲ್ಲ, ಸಂತೆ ಕೂಡುವ ಜಾಗದ ಗುರುತು. ದೂರದಿಂದ, ಚರ್ಚಿನ ಗೋಪುರದ ತುದಿಯನ್ನು ಕಿತ್ತು ತಂದು ನೆಲದ ಮೇಲಿಟ್ಟ ಹಾಗೆ ಕಾಣುತ್ತದೆ.

ಇದನ್ನು 1814ರಲ್ಲಿ ಊರಿಗೆ ಕೊಟ್ಟವರು ಲಾರ್ಡ್ ಸಿಡ್ಮತ್, ಅಂದರೆ ಹೆನ್ರಿ ಆಡಿಂಗ್ಟನ್. ಡಿವೈಜಿಸ್‌ನಿಂದ ಪಾರ್ಲಿಮೆಂಟಿಗೆ ಆರಿಸಿ ಹೋಗಿ, 1801ರಿಂದ 1804ರವರೆಗೆ ಪ್ರಧಾನಿಯಾಗಿದ್ದವರು. ಒಂದು ಮುಖದಲ್ಲಿ ಅವರ ಕೊಡುಗೆಯ ಸ್ಮರಣೆ. ಅದು ಎಲ್ಲ ಊರಲ್ಲೂ ಇರುವಂಥದ್ದೇ ಬಿಡಿ.

ನನ್ನನ್ನು ನಿಲ್ಲಿಸಿದ್ದು ಇನ್ನೊಂದು ಮುಖದ ಬರಹ. 1753ರ ಜನವರಿ 25, ಗುರುವಾರ. ಪಾಟರ್ನ್ ಹಳ್ಳಿಯ ರೂತ್ ಪಿಯರ್ಸ್ ಎಂಬಾಕೆ ಇನ್ನೂ ಮೂವರು ಹೆಂಗಸರ ಜೊತೆ ಸೇರಿ ಒಂದು ಮೂಟೆ ಗೋಧಿ ಕೊಳ್ಳಲು ಮಾತಾಯಿತು. ಎಲ್ಲರೂ ತಮ್ಮ ತಮ್ಮ ಪಾಲು ಹಾಕಬೇಕು. ಹಣ ಕೂಡಿಸಿದಾಕೆ ಎಣಿಸಿದರೆ ಕಡಿಮೆ ಬಂತು. ಆಕೆ ರೂತ್‌ಳನ್ನು ಕೇಳಿದಳು. "ನನ್ನ ಪಾಲು ಕೊಟ್ಟಾಗಿದೆ, ಕೊಟ್ಟಿಲ್ಲವಾದರೆ ಇಲ್ಲೇ ಬಿದ್ದು ಸಾಯಲಿ" ಎಂದು ರೂತ್ ಆಣೆಯಿಟ್ಟಳು. ಮತ್ತೊಮ್ಮೆ ಅದನ್ನೇ ಅಂದಳು. ಸಂತೆಯ ಜನರೆಲ್ಲ ನೋಡುತ್ತಿದ್ದಂತೆ ಕುಸಿದು ಪ್ರಾಣಬಿಟ್ಟಳು. ಹಣ ಆಕೆಯ ಮುಚ್ಚಿದ ಕೈಯೊಳಗೇ ಇತ್ತು.

ಧರ್ಮಸ್ಥಳದ ಆಣೆಗೆ ಹೆದರಿ ಬೆಳೆದ ನಮಗೆ ಇದು ಹೊಸ ಕಥೆಯೇನಲ್ಲ. ನಮ್ಮ ದಾನಶಾಸನಗಳ ಕೊನೆಯಲ್ಲೂ ತಪ್ಪಿದವರಿಗೆ ಶಾಪ ಇರುತ್ತದೆ. ಆದರೆ ಶಾಪ ಯಾರಿಗೆ ತಟ್ಟಿತೆಂದು ಅಲ್ಲಿ ಬರೆದಿರುವುದಿಲ್ಲ. ಇಲ್ಲಿ ಹೆಸರು, ಊರು, ತಾರೀಖು ಎಲ್ಲ ಕೆತ್ತಿಟ್ಟಿದ್ದಾರೆ. ಈ ಕಟ್ಟಡ ಗಟ್ಟಿಯಾಗಿದೆ, ಆದ್ದರಿಂದ ಮುಂದಿನವರಿಗೆ ಎಚ್ಚರಿಕೆಯಾಗಿ ಇದರ ಮೇಲೆ ಬರೆಸಿದ್ದೇವೆ ಎಂದು ಊರಿನ ಆಡಳಿತದವರೇ ಹೇಳಿಕೊಂಡಿದ್ದಾರೆ.

ನನಗೇಕೋ ಸಮಾಧಾನವಾಗಲಿಲ್ಲ. ಒಂದು ಮೂಟೆ ಗೋಧಿಗೆ ನಾಲ್ವರು ಸೇರಬೇಕಾದ ಬಡತನ ಅದು. ಜೊತೆಗಿದ್ದ ಮೂವರ ಹೆಸರು ಕಲ್ಲಿನ ಮೇಲಿಲ್ಲ. ಪ್ರಧಾನಿಯಾಗಿದ್ದವರ ಹೆಸರಿನಷ್ಟೇ ಬಾಳಿಕೆ ಆ ಬಡವಿಯ ಸುಳ್ಳಿಗೂ ಸಿಕ್ಕಿದೆ.

ಜೊತೆಗೆ ಬಂದಿದ್ದ ನನ್ನ ಒಂಬತ್ತು ವರ್ಷದ ಮಗಳು ಬರಹವನ್ನು ಮೆಲ್ಲಗೆ ಓದಿ ಮುಗಿಸಿ, "ಅಮ್ಮಾ, ಅವಳು ಆಮೇಲೆ ಕೊಡೋಣ ಅಂತ ಕೈಯಲ್ಲಿ ಹಿಡ್ಕೊಂಡಿದ್ಲೇನೋ?" ಎಂದಳು. ನಾನು ಇನ್ನೊಂದು ಸಲ ಓದಿ ನೋಡಿದೆ. ಕೈಯಲ್ಲಿ ಬಚ್ಚಿಟ್ಟಿದ್ದಳು ಎಂದೇ ಕಲ್ಲಿನಲ್ಲಿದೆ.