ಮೈ ನೋಡಿ ಆಡುವ ಮಾತು

(ತೋಟ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಸಭೆಯ ಉಪದೇಶಿಯೊಬ್ಬರು ಮಾಡಿದ ಭಾಷಣ)



ಇಂದು ನಾನು ಆರಿಸಿಕೊಂಡಿರುವ ವಿಷಯ ಕೂಲಿಯದ್ದಲ್ಲ, ಬೋನಸ್ಸಿನದ್ದೂ ಅಲ್ಲ. ಅವುಗಳ ಬಗ್ಗೆ ಮಾತಾಡುವಾಗ ನಾವೆಲ್ಲರೂ ಆಫೀಸಿನ ಕಡೆಗೆ ಬೆರಳು ತೋರಿಸುತ್ತೇವೆ. ಇಂದಿನ ವಿಷಯದಲ್ಲಿ ಹಾಗೆ ತೋರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಇದು ನಮ್ಮ ಲೈನಿನೊಳಗೆ, ನಮ್ಮ ಬಾಯಿಂದಲೇ, ನಮ್ಮವರ ಮೇಲೆಯೇ ಬೀಳುವ ಏಟು.

ನೀರಿನ ಪೈಪಿನ ಹತ್ತಿರ, ಎಲೆ ತೂಗುವ ಕಡೆ, ಮದುವೆ ಮನೆಯಲ್ಲಿ, ಆರಾಧನೆ ಮುಗಿದು ಹೊರಗೆ ನಿಂತಾಗ ಈ ಮಾತುಗಳನ್ನು ನೀವು ಕೇಳಿರುತ್ತೀರಿ. “ಏನೇ, ಒಣಗಿ ಕಡ್ಡಿ ಆಗಿದ್ದೀಯಲ್ಲ?” “ಗಾಳಿ ಜೋರಾಗಿದೆ, ಸೊಂಟಕ್ಕೆ ಕಲ್ಲು ಕಟ್ಟಿಕೋ.” “ನಿನ್ನ ಗಂಡ ಅನ್ನ ಹಾಕಲ್ವಾ?” ಇನ್ನೊಂದು ಕಡೆ, “ಡುಮ್ಮಿ ಬಂದಳು, ಜಾಗ ಬಿಡಿ.” “ಯಾವ ಅಂಗಡಿ ಅಕ್ಕಿ ತಿಂತೀಯಣ್ಣ, ನಮಗೂ ಹೇಳು.” ಸುತ್ತ ಇದ್ದವರು ನಗುತ್ತಾರೆ. ಅನ್ನಿಸಿಕೊಂಡವರೂ ನಗುತ್ತಾರೆ. ಅವರು ನಕ್ಕದ್ದನ್ನು ನೋಡಿ, ಇದರಲ್ಲಿ ಏನೂ ನೋವಿಲ್ಲ ಎಂದು ನಾವು ತಿಳಿಯುತ್ತೇವೆ. ನಾಲ್ಕು ಜನರ ಮುಂದೆ ನಗದೆ ಅವರು ಬೇರೇನು ಮಾಡಲು ಸಾಧ್ಯ?

ದಪ್ಪಗಿರುವವರನ್ನು ಹೀಯಾಳಿಸುವುದು ಸರಿಯಲ್ಲ ಎಂದು ನಮ್ಮಲ್ಲಿ ಅನೇಕರು ಒಪ್ಪುತ್ತಾರೆ. ಆದರೆ ತೆಳ್ಳಗಿರುವವರನ್ನು ಅಂದರೆ ಅದು ಹೀಯಾಳಿಕೆ ಎಂದು ನಮಗೆ ತೋರುವುದೇ ಇಲ್ಲ. “ಪ್ರೀತಿಯಿಂದ ಹೇಳಿದೆ, ಚೆನ್ನಾಗಿ ಊಟ ಮಾಡು ಅಂದೆ, ಅದರಲ್ಲಿ ತಪ್ಪೇನು?” ಎನ್ನುತ್ತೇವೆ. ಸ್ವಲ್ಪ ಯೋಚನೆ ಮಾಡಿ. ಸಂಬಳದ ದಿನ ಇನ್ನೂ ದೂರ ಇದೆ, ಡಬ್ಬದಲ್ಲಿ ಅಕ್ಕಿ ತಳ ಕಂಡಿದೆ, ಮಕ್ಕಳಿಗೆ ಬಡಿಸಿ ಉಳಿದದ್ದನ್ನು ತಾಯಿ ತಿಂದು ಕೆಲಸಕ್ಕೆ ಬಂದಿದ್ದಾಳೆ. ಅವಳನ್ನು ಎಲ್ಲರೆದುರಿಗೆ “ನಿಮ್ಮ ಮನೆಯಲ್ಲಿ ಅನ್ನ ಇಲ್ವಾ?” ಎಂದು ಕೇಳಿದರೆ, ಮುಚ್ಚಿಟ್ಟುಕೊಂಡ ಬಡತನವನ್ನು ಬೀದಿಗೆ ಎಳೆದ ಹಾಗೆ ಆಗುತ್ತದೆ. ಹೆರಿಗೆಯಾಗಿ ಎರಡು ತಿಂಗಳಾದವಳಿಗೆ “ಈ ಮೈಯಲ್ಲಿ ಮಗುವಿಗೆ ಹಾಲು ಎಲ್ಲಿಂದ ಬರಬೇಕು?” ಎಂದರೆ ಅವಳ ತಾಯ್ತನವನ್ನೇ ಜರೆದ ಹಾಗೆ. ಬೆಳೆಯುವ ಹುಡುಗನಿಗೆ “ನರಪೇತಲ” ಎಂದು ಹೆಸರಿಟ್ಟರೆ ಆ ಹೆಸರು ಅವನ ಹಿಂದೆ ಶಾಲೆಗೂ ಹೋಗುತ್ತದೆ, ಕೆಲಸಕ್ಕೂ ಬರುತ್ತದೆ.

ಎರಡನೆಯ ವಿಷಯ. ಒಬ್ಬರ ಮೈ ಹೀಗೇಕೆ ಇದೆ ಎಂದು ನಮಗೆ ಗೊತ್ತಿದೆಯೇ? ನಾವು ಊಟದ ಲೆಕ್ಕ ಮಾತ್ರ ಹಾಕುತ್ತೇವೆ: ತೆಳ್ಳಗಿದ್ದರೆ ತಿನ್ನುವುದಿಲ್ಲ, ದಪ್ಪಗಿದ್ದರೆ ಬಹಳ ತಿನ್ನುತ್ತಾರೆ. ವೈದ್ಯರ ಲೆಕ್ಕ ಇಷ್ಟು ಸುಲಭವಾಗಿಲ್ಲ. ಕೆಲವರ ಮೈಕಟ್ಟು ತಂದೆತಾಯಿಯಿಂದಲೇ ಬಂದದ್ದು, ಎಷ್ಟು ಉಂಡರೂ ಅಷ್ಟೇ. ಥೈರಾಯ್ಡ್ ಗ್ರಂಥಿ ಹೆಚ್ಚು ಕೆಲಸ ಮಾಡಿದರೆ ಮೈ ಇಳಿಯುತ್ತದೆ, ಕಡಿಮೆ ಮಾಡಿದರೆ ಮೈ ಏರುತ್ತದೆ. ಸಕ್ಕರೆ ಕಾಯಿಲೆ ಶುರುವಾದಾಗ ಚೆನ್ನಾಗಿ ತಿನ್ನುವವರೂ ಇಳಿದುಹೋಗುತ್ತಾರೆ. ಉಬ್ಬಸಕ್ಕೋ ಕೀಲು ನೋವಿಗೋ ಬಹಳ ದಿನ ಸ್ಟೆರಾಯ್ಡ್ ಔಷಧಿ ತೆಗೆದುಕೊಂಡವರ ಮುಖ ಊದಿಕೊಳ್ಳುತ್ತದೆ. ಬರಿಗಾಲಿನಲ್ಲಿ ಒದ್ದೆ ಮಣ್ಣು ತುಳಿಯುವವರ ಪಾದದ ಚರ್ಮದ ಮೂಲಕ ಕೊಕ್ಕೆಹುಳು ಒಳಗೆ ಹೋಗಿ ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ನಮ್ಮ ತೋಟಗಳಲ್ಲಿ ಇದು ಹಳೆಯ ಕಥೆ. ಶಾಲೆ ಮತ್ತು ಅಂಗನವಾಡಿಗಳಲ್ಲಿ ಜಂತುಹುಳದ ಮಾತ್ರೆ ಕೊಡುವ ದಿನವನ್ನು 2015ರಲ್ಲಿ ಶುರುಮಾಡಿದ್ದು ಇಂಥ ಹುಳುಗಳ ಕಾರಣದಿಂದಲೇ.

ಇನ್ನೊಂದು ಕಾಯಿಲೆ ಇದೆ, ಸಿಕಲ್ ಸೆಲ್. ಇದರಲ್ಲಿ ರಕ್ತದ ಕಣಗಳು ಕುಡುಗೋಲಿನಂತೆ ಬಾಗುತ್ತವೆ. ನೀಲಗಿರಿಯ ಆದಿವಾಸಿಗಳಲ್ಲಿ ಇದರ ಗುರುತು ಸಿಕ್ಕಿದ್ದು 1952ರಲ್ಲಿ. ಅದೇ ವರ್ಷ ಅಸ್ಸಾಮಿನ ಟೀ ತೋಟದ ಕೂಲಿಯವರಲ್ಲಿಯೂ ಇದು ಕಂಡುಬಂತು. ವಯನಾಡಿನಲ್ಲಿಯೂ ಇದೆ. ಇದು ಹುಟ್ಟಿನಿಂದ ಬರುವಂಥದ್ದು. ಇದಿರುವ ಮಕ್ಕಳು ಬೆಳೆಯುವುದು ನಿಧಾನ, ಮೈ ತುಂಬುವುದಿಲ್ಲ, ಕೈಕಾಲಿನ ಕೀಲುಗಳಲ್ಲಿ ತಡೆಯಲಾರದ ನೋವು ಬರುತ್ತದೆ. ಅಂಥ ಮಗುವನ್ನು “ಕಡ್ಡಿ” ಎಂದೂ, ನೋವಿನಿಂದ ಮಲಗಿದರೆ “ಸೋಮಾರಿ” ಎಂದೂ ಕರೆದರೆ ಅದಕ್ಕಿಂತ ಅನ್ಯಾಯ ಯಾವುದು? ಈ ಕಾಯಿಲೆಗಾಗಿ 2023ರ ಜುಲೈಯಲ್ಲಿ ಕೇಂದ್ರ ಸರಕಾರ ಒಂದು ರಾಷ್ಟ್ರೀಯ ಯೋಜನೆಯನ್ನೇ ಆರಂಭಿಸಿತು.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಕೇಳಿ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ 100 ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ಸುಮಾರು 19 ಮಂದಿ ಇರಬೇಕಾದ್ದಕ್ಕಿಂತ ತೆಳ್ಳಗೆ, 24 ಮಂದಿ ಇರಬೇಕಾದ್ದಕ್ಕಿಂತ ದಪ್ಪ. ಹಾಗಾದರೆ ತೆಳ್ಳಗಿನವರೂ ದಪ್ಪಗಿನವರೂ ಒಂದೇ ಲೈನಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಇದ್ದಾರೆ. ರಕ್ತಹೀನತೆ ಇಬ್ಬರಲ್ಲಿಯೂ ಇರಬಹುದು. “ಇವಳಿಗೇನು, ಗುಂಡುಕಲ್ಲಿನಂತಿದ್ದಾಳೆ” ಎಂದು ನಾವು ಅಂದುಕೊಂಡವಳಿಗೆ ಇಳಿಜಾರು ಹತ್ತುವಾಗ ಏದುಸಿರು ಬರುತ್ತಿರಬಹುದು. ಕಣ್ಣಿನ ತಕ್ಕಡಿಯನ್ನು ನಂಬಬೇಡಿ.

ಕಣ್ಣು ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಒಂದು ಚಿಕ್ಕ ಲೆಕ್ಕ. ತೂಕವನ್ನು ಕಿಲೋದಲ್ಲಿ, ಎತ್ತರವನ್ನು ಮೀಟರಿನಲ್ಲಿ ಬರೆದು, ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಬೇಕು. ಉತ್ತರ 18.5ಕ್ಕಿಂತ ಕಡಿಮೆ ಬಂದರೆ ಮಾತ್ರ ವೈದ್ಯರು ತೂಕ ಸಾಲದು ಎನ್ನುತ್ತಾರೆ. 147 ಸೆಂಟಿಮೀಟರ್ ಎತ್ತರ, 41 ಕಿಲೋ ತೂಕದ ಒಬ್ಬ ಹೆಂಗಸನ್ನು ತೆಗೆದುಕೊಳ್ಳಿ. ಲೈನಿನಲ್ಲಿ ಅವಳನ್ನು ಎಲ್ಲರೂ ಕಡ್ಡಿ ಎನ್ನುತ್ತಾರೆ. ಲೆಕ್ಕ ಮಾಡಿದರೆ 19ರ ಹತ್ತಿರ ಬರುತ್ತದೆ. ಅವಳು ಸರಿಯಾಗಿಯೇ ಇದ್ದಾಳೆ! ಮಕ್ಕಳಿಗೆ ಅಂಗನವಾಡಿಯವರ ಹತ್ತಿರ ತೋಳು ಅಳೆಯುವ ಬಣ್ಣದ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಹಸಿರು. 11.5ಕ್ಕಿಂತ ಕಡಿಮೆಯಾದರೆ ಕೆಂಪು, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಡುವೆ ಇದ್ದರೆ ಹಳದಿ, ಜಾಗ್ರತೆ ಬೇಕು. ಪಕ್ಕದ ಮನೆಯವರ ಬಾಯಿಗಿಂತ ಈ ಪಟ್ಟಿ ನಿಜ ಹೇಳುತ್ತದೆ, ಯಾರನ್ನೂ ಅಳಿಸುವುದೂ ಇಲ್ಲ.

ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯನ್ನು ನಮ್ಮ ಹಿರಿಯರು ಮಿಷನ್ ಆಸ್ಪತ್ರೆ ಎಂದು ಬಲ್ಲರು. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾಗಿ ವಯಸ್ಸಾದ ಮೇಲೆ ಅವರಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷೆ ಮಾಡಿದ ವರದಿ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಮುಂದೆ ಹೃದಯದ ಕಾಯಿಲೆ ಹೆಚ್ಚು ಕಂಡಿತ್ತು. ನಮ್ಮ ಮೈಯ ಕಥೆ ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಶುರುವಾಗುತ್ತದೆ ಎಂದು ಇದರಿಂದ ತಿಳಿಯಬೇಕು. ಅದಕ್ಕೆ ಆ ಮಗುವನ್ನು ಹೊಣೆ ಮಾಡಬಹುದೇ? ಅರೆಹೊಟ್ಟೆಯಲ್ಲಿ ದುಡಿದ ಆ ತಾಯಿಯನ್ನು ಹೊಣೆ ಮಾಡಬಹುದೇ?

ಹಿಂದಕ್ಕೂ ಸ್ವಲ್ಪ ನೋಡೋಣ. 1876ರಿಂದ 1878ರವರೆಗೆ ಮೈಸೂರು ಸೀಮೆಯಲ್ಲಿಯೂ ಮದ್ರಾಸ್ ಪ್ರಾಂತ್ಯದಲ್ಲಿಯೂ ಘೋರ ಕ್ಷಾಮ ಬಂತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕೆಲಸದ ಕೂಲಿಯನ್ನು ಇಳಿಸಿ, ಒಬ್ಬ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆ ಸಾಕು ಎಂದು ಗೊತ್ತುಮಾಡಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್, ಇಷ್ಟರಲ್ಲಿ ದುಡಿಯುವವನ ಜೀವ ನಿಲ್ಲುವುದಿಲ್ಲ ಎಂದು ವಾದಿಸಿದರು. ಜನ ಎಲುಬಿನ ಗೂಡಾದದ್ದು ಅವರ ತಪ್ಪಿನಿಂದಲ್ಲ, ಅಳತೆ ಮಾಡಿ ಕಡಿಮೆ ಕೊಟ್ಟದ್ದರಿಂದ. 1951ರಲ್ಲಿ ತೋಟ ಕಾರ್ಮಿಕರ ಕಾಯಿದೆ ಬಂದಾಗ, 150 ಆಳುಗಳಿರುವ ತೋಟದಲ್ಲಿ ಕ್ಯಾಂಟೀನು, 50 ಹೆಣ್ಣಾಳುಗಳಿರುವ ಕಡೆ ಮಕ್ಕಳ ಮನೆ, ಜೊತೆಗೆ ವೈದ್ಯಕೀಯ ಸೌಕರ್ಯ ಇರಬೇಕೆಂದು ಅದರಲ್ಲಿ ಬರೆಯಲಾಯಿತು. ದುಡಿಯುವವನ ಮೈ ಅವನೊಬ್ಬನ ಹೊಣೆಯಲ್ಲ ಎಂಬ ಮಾತನ್ನು ಕಾನೂನೇ ಒಪ್ಪಿಕೊಂಡದ್ದು ಹೀಗೆ. ಸಂಘದಲ್ಲಿ ಇದಕ್ಕಾಗಿ ಹೋರಾಡುವ ನಾವು, ಸಂಜೆ ಲೈನಿಗೆ ಬಂದು ಅದೇ ಮೈಯನ್ನು ನೋಡಿ ನಕ್ಕರೆ ನಮ್ಮ ಹೋರಾಟಕ್ಕೆ ಅರ್ಥವೇನು? “ಈ ಮೈಗೆ ಕವಾತು ಕೆಲಸ ಆಗುತ್ತಾ?” ಎಂದು ನಾವೇ ತಮಾಷೆ ಮಾಡಿದರೆ, ನಾಳೆ ಮೇಸ್ತ್ರಿ ಅದೇ ಮಾತನ್ನು ತಮಾಷೆಯಿಲ್ಲದೆ ಹೇಳುತ್ತಾನೆ.

ಈಗ ಮೂರನೆಯ ವಿಷಯ. ಇಂಥ ಮಾತಿನಿಂದ ಯಾರಿಗಾದರೂ ಒಳ್ಳೆಯದಾಗುತ್ತದೆಯೇ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. 50 ದಾಟಿದ 2,944 ಮಂದಿಯನ್ನು ನಾಲ್ಕು ವರ್ಷ ಗಮನಿಸಿದರು. ದಪ್ಪಗಿದ್ದೇನೆಂದು ಜನ ಅವಮಾನ ಮಾಡುತ್ತಾರೆ ಎಂದು ಹೇಳಿದವರ ತೂಕ ಸರಾಸರಿ ಒಂದು ಕಿಲೋದಷ್ಟು ಏರಿತ್ತು. ಹಾಗೆ ಹೇಳದವರದ್ದು ಮುಕ್ಕಾಲು ಕಿಲೋದಷ್ಟು ಇಳಿದಿತ್ತು. ಅವಮಾನದಿಂದ ಮೈ ಇಳಿಯುವುದಿಲ್ಲ. ತೆಳ್ಳಗಿನವರ ಗತಿಯೂ ಹೀಗೆಯೇ. ಅನ್ನಿಸಿಕೊಂಡ ಹುಡುಗಿ ನಾಲ್ಕು ಜನರ ಜೊತೆ ಕೂತು ಉಣ್ಣಲು ನಾಚುತ್ತಾಳೆ. ಮದುವೆಗೆ ಮುಂಚೆ ಮೈ ತುಂಬಬೇಕೆಂದು ಸಂತೆಯಲ್ಲಿ ಮಾರುವ ಪುಡಿ, ಮಾತ್ರೆ ತಿನ್ನುತ್ತಾಳೆ. ಇಂಥವುಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದನ್ನು ವೈದ್ಯರು ಎಷ್ಟೋ ಸಲ ಕಂಡಿದ್ದಾರೆ. ಮುಖ ಊದಿದ್ದನ್ನು ನೋಡಿ ನಾವು “ಈಗ ಚೆನ್ನಾಗಿದ್ದೀಯ” ಎನ್ನುತ್ತೇವೆ, ಒಳಗೆ ಅವಳ ಆರೋಗ್ಯ ಕೆಡುತ್ತಿರುತ್ತದೆ.

ಇನ್ನೂ ದೊಡ್ಡ ಅಪಾಯ ಕ್ಷಯದ ವಿಷಯದಲ್ಲಿ. ಕ್ಷಯ ಬಂದವರು ಇಳಿದುಹೋಗುತ್ತಾರೆ. ಪೈಪಿನ ಹತ್ತಿರ “ಇವನಿಗೆ ಆ ಕಾಯಿಲೆ ಇರಬೇಕು, ಮೈ ನೋಡಿ” ಎಂದು ಪಿಸುಮಾತು ಎದ್ದರೆ, ಅವನು ಕೆಮ್ಮನ್ನು ಮುಚ್ಚಿಡುತ್ತಾನೆ, ಸ್ವೆಟರಿನ ಮೇಲೆ ಸ್ವೆಟರ್ ಹಾಕುತ್ತಾನೆ, ಆಸ್ಪತ್ರೆ ದಾರಿ ಹಿಡಿಯುವುದಿಲ್ಲ. ಹೊತ್ತಿಗೆ ಔಷಧಿ ಸಿಕ್ಕಿದರೆ ವಾಸಿಯಾಗುವ ಕಾಯಿಲೆ ಅದು. ಸರಕಾರಿ ಆಸ್ಪತ್ರೆಯಲ್ಲಿ ಔಷಧಿಗೆ ಹಣ ಇಲ್ಲ. ಊಟದ ಸಹಾಯಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಲ್ಲಿ 1,000 ರೂಪಾಯಿಗೆ ಏರಿಸಿದರು. ಇಷ್ಟೆಲ್ಲ ಇದ್ದೂ, ನಮ್ಮ ನಾಲಿಗೆಗೆ ಹೆದರಿ ಒಬ್ಬನು ಮನೆಯಲ್ಲಿಯೇ ಉಳಿದು ಸತ್ತರೆ, ಅವನನ್ನು ಕೊಂದದ್ದು ಕಾಯಿಲೆ ಮಾತ್ರವೇ?

ಸುವಾರ್ತೆಯಲ್ಲಿ ಒಂದು ಪ್ರಸಂಗ ನಿಮಗೆ ಗೊತ್ತಿದೆ. ಸ್ನಾನಿಕನಾದ ಯೋಹಾನನು ಉಪವಾಸದಲ್ಲಿದ್ದು ಅಡವಿಯಲ್ಲಿ ಬಾಳಿದನು. ಅವನಿಗೆ ದೆವ್ವ ಹಿಡಿದಿದೆ ಎಂದರು. ಯೇಸುಸ್ವಾಮಿ ಜನರ ಜೊತೆ ಕೂತು ಉಂಡನು. ಅವನನ್ನು ಹೊಟ್ಟೆಬಾಕ ಎಂದರು. ತಿಂದರೂ ಮಾತು, ತಿನ್ನದಿದ್ದರೂ ಮಾತು. ಹಾಗೆ ಆಡಿದವರಿಗೆ ಇಬ್ಬರಲ್ಲಿ ಯಾರ ಮೇಲೂ ಕಾಳಜಿ ಇರಲಿಲ್ಲ. ಗಿಡ್ಡನಾಗಿದ್ದ ಜಕ್ಕಾಯನು ಮರ ಹತ್ತಿದಾಗ ಸ್ವಾಮಿ ಅವನ ಎತ್ತರದ ಮಾತೆತ್ತಲಿಲ್ಲ. ಹೆಸರು ಹಿಡಿದು ಕರೆದು, ಇಂದು ನಿನ್ನ ಮನೆಗೆ ಬರುತ್ತೇನೆ ಎಂದನು. ನಾವು ಕಲಿಯಬೇಕಾದ ಮಾತು ಇದು.

“ಹಾಗಾದರೆ ಯಾರಾದರೂ ನಿಜವಾಗಿ ಇಳಿದುಹೋಗುತ್ತಿದ್ದರೆ ಬಾಯಿ ಮುಚ್ಚಿಕೊಂಡಿರಬೇಕೇ?” ಎಂದು ನೀವು ಕೇಳಬಹುದು. ಬೇಡ. ಹೇಳುವ ರೀತಿ ಬೇರೆ ಇರಲಿ. ಎಲ್ಲರ ಮುಂದೆ ಬೇಡ, ಒಬ್ಬರೇ ಇರುವಾಗ ಹೋಗಿ. ಮೈಯ ಮಾತು ಬಿಟ್ಟು, “ಅಕ್ಕಾ, ಸುಸ್ತಾಗುತ್ತಾ? ರಾತ್ರಿ ನಿದ್ದೆ ಬರುತ್ತಾ? ಕೆಮ್ಮು ಎಷ್ಟು ದಿನದಿಂದ ಇದೆ?” ಎಂದು ಕೇಳಿ. ಕೆಮ್ಮು ಎರಡು ವಾರ ದಾಟಿದ್ದರೆ, “ನಡೆಯಿರಿ, ನಾನೂ ಜೊತೆಗೆ ಬರುತ್ತೇನೆ” ಎಂದು ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಅಕ್ಕಿ ಇಲ್ಲವೆಂದು ತೋರಿದರೆ ಪ್ರಶ್ನೆ ಕೇಳದೆ ಒಂದು ಸೇರು ಕೊಟ್ಟು ಬನ್ನಿ.

ಈ ಕೂಟದಿಂದ ಹೋಗುವಾಗ ನಾಲ್ಕು ವಿಷಯಗಳನ್ನು ಒಪ್ಪಿಕೊಂಡು ಹೋಗೋಣ. ಮಕ್ಕಳನ್ನು ಅವರವರ ಹೆಸರಿನಿಂದಲೇ ಕರೆಯೋಣ, ಕಡ್ಡಿ, ಗುಂಡ ಎಂಬ ಅಡ್ಡಹೆಸರು ಬೇಡ. ಆರೋಗ್ಯ ಶಿಬಿರದಲ್ಲಿ ಒಬ್ಬರ ತೂಕವನ್ನು ಕೂಗಿ ಹೇಳದೆ ಚೀಟಿಯಲ್ಲಿ ಬರೆದುಕೊಡಿ ಎಂದು ನರ್ಸಮ್ಮನವರನ್ನು ಕೇಳಿಕೊಳ್ಳೋಣ. ಹೆಣ್ಣು ನೋಡಲು ಹೋದ ಮನೆಯಲ್ಲಿ ಆ ಮಗಳ ಮೈ ಬಗ್ಗೆ ತುಟಿ ಬಿಚ್ಚದಿರೋಣ. ಎಲೆ ತೂಗುವ ಕಡೆ ಯಾರಾದರೂ ಇಂಥ ತಮಾಷೆ ಶುರುಮಾಡಿದರೆ, ನಗದೆ ಸುಮ್ಮನೆ ನಿಲ್ಲೋಣ. ನಗುವವರಿಲ್ಲದ ತಮಾಷೆ ಎರಡು ದಿನ ಬಾಳುವುದಿಲ್ಲ.

ತೋಟದ ತಕ್ಕಡಿ ಇರುವುದು ಎಲೆ ತೂಗುವುದಕ್ಕೆ. ಅದರಲ್ಲಿ ಮನುಷ್ಯರನ್ನು ತೂಗುವುದು ಬೇಡ.