ಏನು ಕೆಲಸ ಮಾಡ್ತೀರಿ?



ಬಾಗಲಕೋಟೆ ಜಿಲ್ಲೆಯ ಜನರ ಎದೆಬಡಿತಕ್ಕೆ ಮೂವತ್ತು ವರ್ಷ ಕಿವಿಗೊಟ್ಟ ವೈದ್ಯ ನಾನು. ಬಡವರ ಗಾಳಿಯ ಬಗ್ಗೆ ಮಾತಾಡಿ ಎಂದು ನೀವು ಕರೆದಾಗ ನನಗೆ ಮೊದಲು ನೆನಪಾದದ್ದು ಒಂದು ಕೈ. ನಾಡಿ ಹಿಡಿಯಲು ಮೇಜಿನ ಮೇಲೆ ಚಾಚಿದ ಕೈ. ಅಂಗೈ ದಡ್ಡುಗಟ್ಟಿತ್ತು. ಉಗುರಿನ ಅಂಚಿನಲ್ಲಿ, ಬೆರಳ ಗೆಣ್ಣುಗಳ ಗೆರೆಗಳಲ್ಲಿ, ಕಿವಿಯ ಮಡಿಕೆಯಲ್ಲಿ ಬೂದುಬಿಳುಪು ಪುಡಿ. ಇಳಕಲ್ಲಿನ ಕಲ್ಲು ಕೆಂಪು, ಅದರ ಪುಡಿ ಮಾತ್ರ ಬೂದಿಯಂತೆ. ಆತನಿಗೆ ನಲವತ್ತು ದಾಟಿರಲಿಲ್ಲ, ನಾಲ್ಕು ಮೆಟ್ಟಿಲು ಏರಿದರೆ ದಮ್ಮು ಹತ್ತುತ್ತಿತ್ತು. ನಾನು ಚೀಟಿಯಲ್ಲಿ ಕ್ಷಯ ಎಂದು ಬರೆದೆ. ಅದು ಆತನಿಗೆ ಮೂರನೇ ಸಲದ ಮಾತ್ರೆ. ಬಾಗಿಲ ತನಕ ಹೋದ ಹೆಂಡತಿ ತಿರುಗಿ ನಿಂತು ಹೇಳಿದಳು: "ಸಾಹೇಬ್ರ, ಇವ್ರು ಖಣಿಯಾಗ ಡ್ರಿಲ್ ಹೊಡಿತಾರ್ರಿ. ಹದಿನಾರು ವರ್ಷ ಆತ್ರಿ."

ನಾನು ಕೇಳಿರಲಿಲ್ಲ. ಕೇಳಬೇಕೆಂದು ಇಟಲಿಯ ವೈದ್ಯ ರಾಮಾಜಿನಿ 1700ರಲ್ಲೇ ಬರೆದಿದ್ದ. ಬಡ ದುಡಿಮೆಗಾರನ ಮಗ್ಗುಲಲ್ಲಿ ಕುಳಿತಾಗ ವೈದ್ಯರು ಕೇಳುತ್ತ ಬಂದ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಿ, ನಿನ್ನ ಉದ್ಯೋಗ ಯಾವುದು ಎಂದು ಕೇಳಿ ಎಂಬುದು ಆತನ ಬೇಡಿಕೆ. ಕಲ್ಲು ಕಡಿಯುವವರ ಎದೆಯ ರೋಗಕ್ಕೂ ಆ ಪುಸ್ತಕದಲ್ಲಿ ಜಾಗ ಇದೆ.

ಬಾದಾಮಿಯ ಬಂಡೆ ಮರಳುಗಲ್ಲು, ಬಹುಪಾಲು ಸ್ಫಟಿಕ, ಅಂದರೆ ಸಿಲಿಕಾ. ಚಾಲುಕ್ಯ ಮಂಗಲೇಶನ 578ರ ಶಾಸನ ಇರುವ ಮೂರನೇ ಗುಹೆಯನ್ನು ಕಡಿದವರೂ ಆ ದೂಳನ್ನೇ ಉಸಿರಾಡಿದರು. ಉಳಿ ಸುತ್ತಿಗೆ ಎಬ್ಬಿಸುವ ದೂಳು ಒಂದು ತೆರ, ಕಂಪ್ರೆಸರ್ ಗಾಳಿಯಲ್ಲಿ ಓಡುವ ಡ್ರಿಲ್ ಎಬ್ಬಿಸುವ ದೂಳು ಇನ್ನೊಂದು ತೆರ. ಕಣ್ಣಿಗೆ ಕಾಣುವ ದೂಳು ಮೂಗು ಗಂಟಲಲ್ಲೇ ನಿಲ್ಲುತ್ತದೆ. ತಲೆಗೂದಲ ದಪ್ಪದ ಹತ್ತರಲ್ಲೊಂದು ಪಾಲಿಗಿಂತ ಸಣ್ಣ ಸಿಲಿಕಾ ಕಣ ಶ್ವಾಸಕೋಶದ ತಳ ಮುಟ್ಟುತ್ತದೆ. ಅದನ್ನು ನುಂಗಿದ ರಕ್ಷಣಾಕೋಶ ಅರಗಿಸಲಾರದೆ ಸಾಯುತ್ತದೆ, ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ. ಆ ಜಾಗ ಗಂಟುಕಟ್ಟುತ್ತ ಹೋಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿಮಾಡುವ ಔಷಧವಿಲ್ಲ. ಇಂಥ ಎದೆಗೆ ಕ್ಷಯವೂ ಬೇಗ ಅಂಟುತ್ತದೆ. ಆದ್ದರಿಂದಲೇ ವೈದ್ಯರು ಕ್ಷಯ ಕಂಡು ಅಲ್ಲಿಗೇ ನಿಲ್ಲುತ್ತಾರೆ.

ಇದೇನು ನಮ್ಮ ನಾಡಿಗೆ ಹೊಸ ಸಂಗತಿಯಲ್ಲ. ಭಾರತದಲ್ಲಿ ಈ ರೋಗ ಮೊದಲು ದಾಖಲಾದದ್ದೇ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, 1934ರಲ್ಲಿ. 1940ರ ಹೊತ್ತಿಗೆ ಮೈಸೂರು ಸಂಸ್ಥಾನ ಪರಿಹಾರದ ನಿಯಮ ತಂದಿತ್ತು. ಅಲ್ಲಿಂದ ಮುಂದಿನ ವರ್ಷಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ 43ಕ್ಕೂ ಮೇಲ್ಪಟ್ಟವರಲ್ಲಿ ಸಿಲಿಕೋಸಿಸ್ ಇತ್ತು. ಕೋಲಾರದಲ್ಲಿ ಇಷ್ಟು ಕರಾರುವಾಕ್ಕಾಗಿ ಎಣಿಸಲು ಸಾಧ್ಯವಾದದ್ದೇಕೆ? ಅಲ್ಲಿ ಹಾಜರಿ ಪುಸ್ತಕವಿತ್ತು, ಗಣಿಯದೇ ಆಸ್ಪತ್ರೆಯಿತ್ತು. ನಮ್ಮ ಖಣಿಗಳಲ್ಲಿ ಎಷ್ಟೋ ಜನ ಗುತ್ತಿಗೆದಾರನ ಕೈಕೆಳಗೆ, ಇಂತಿಷ್ಟು ಅಡಿ ಡ್ರಿಲ್ಲಿಗೆ ಇಂತಿಷ್ಟು ದುಡ್ಡು ಎಂದು ದುಡಿಯುವವರು. ಅವರಲ್ಲಿ ಭೋವಿ ಸಮುದಾಯದವರಿದ್ದಾರೆ, ಹೊಲವಿಲ್ಲದ ಕೂಲಿಗಳಿದ್ದಾರೆ. ಅವರ ಹೆಸರು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

1948ರ ಕಾರ್ಖಾನೆ ಕಾಯ್ದೆ, 1952ರ ಗಣಿ ಕಾಯ್ದೆ ಎರಡರಲ್ಲೂ ರೋಗ ಕಂಡ ವೈದ್ಯ ವರದಿ ಕಳಿಸಬೇಕೆಂಬ ವಿಧಿಯಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಅದು ಉಳಿದಿದೆ. ನಾನು ಒಂದು ವರದಿಯನ್ನೂ ಕಳಿಸಿದವನಲ್ಲ.

ಇನ್ನು ಗಾಳಿಯನ್ನು ಅಳೆಯುವ ಮಾತು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಅದು ಇರಬೇಕಾದದ್ದೇ. ಆದರೆ ಕಾಲೇಜುಗಳಿರುವ ಬಡಾವಣೆಯ ಗಾಳಿ ಅಳೆದು ಖಣಿಯ ಗಾಳಿಯನ್ನು ಹೇಳಲಾಗದು. ಆ ಯಂತ್ರ ತೂಗುವುದು ದೂಳಿನ ಕಣಗಳನ್ನು. ಅವುಗಳಲ್ಲಿ ಸಿಲಿಕಾ ಎಷ್ಟು ಎಂದು ಅದು ಹೇಳುವುದಿಲ್ಲ.

ಮನೆಯೊಳಗಿನ ಗಾಳಿಯನ್ನಂತೂ ಯಾರೂ ಅಳೆಯುವುದಿಲ್ಲ. ರೊಟ್ಟಿ ಬಡಿದು ಮಾರಿ ಸಂಸಾರ ತೂಗಿಸುವ ಹೆಣ್ಣುಮಕ್ಕಳು ನಮ್ಮ ಊರೂರಲ್ಲಿದ್ದಾರೆ. ಮುಂಜಾನೆ ನಾಲ್ಕಕ್ಕೆ ಹಂಚಿನ ಮುಂದೆ ಕೂತರೆ ಹತ್ತರ ತನಕ ಹತ್ತಿಕಟಗಿ, ತೊಗರಿಕಟಗಿ, ಕುಳ್ಳು. ರೊಟ್ಟಿಗೆ ಒಂದೇ ಸಮನೆ ಉರಿ ಬೇಕು. 2016ರ ಉಜ್ವಲ ಯೋಜನೆ ಸಿಲಿಂಡರ್ ತಂದುಕೊಟ್ಟಿತು. ಅದು ಚಹಾಕ್ಕೆ, ಅವಸರದ ಅಡುಗೆಗೆ ಆಯಿತು. ನೂರಾರು ರೊಟ್ಟಿ ಗ್ಯಾಸಿನ ಮೇಲೆ ಬೇಯಿಸಿದರೆ ಲಾಭ ಅದರಲ್ಲೇ ಸುಟ್ಟುಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 1980ರ ದಶಕದಲ್ಲಿ ಹೊಗೆಕೊಳವೆ ಇರುವ ಅಸ್ತ್ರ ಒಲೆ ಮಾಡಿಕೊಟ್ಟಿತ್ತು. ರೊಟ್ಟಿಯ ಹಂಚಿಗೆ ಹೊಂದುವ ಅಂಥ ಒಲೆ, ಕೊಳವೆ ಕಟ್ಟಿಕೊಂಡಾಗ ಕೊಡವಿ ಕೊಡುವ ಊರಿನ ಗೌಂಡಿ, ಈ ಎರಡಕ್ಕೂ ಸರಕಾರ ಹಣ ಇಡಲಿ.

ಹಣ ಎಲ್ಲಿದೆ ಎಂದು ಕೇಳುತ್ತೀರಿ. 2015ರ ತಿದ್ದುಪಡಿಯ ಮೇಲೆ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಗಣಿಯಿಂದ ಬಾಧೆಪಟ್ಟವರಿಗಾಗಿಯೇ ಇರುವ ಹಣ ಅದು. ಆರೋಗ್ಯ, ಮಾಲಿನ್ಯ ನಿಯಂತ್ರಣ ಎರಡೂ ಅದರ ಆದ್ಯತೆಯ ಪಟ್ಟಿಯಲ್ಲಿವೆ. ಮೊದಲು ಡ್ರಿಲ್ಲಿಗೆ ನೀರು ಬರಲಿ. ತೂತಿನೊಳಗೆ ನೀರು ಬಿಡುತ್ತ ಕೊರೆದರೆ ಪುಡಿ ಕೆಸರಾಗಿ ಹೊರಬರುತ್ತದೆ, ಗಾಳಿಗೆ ಏಳುವುದಿಲ್ಲ. ಕುಡಿಯುವ ನೀರಿಗೇ ಪರದಾಡುವ ಹುನಗುಂದ ಸೀಮೆಯಲ್ಲಿ ಡ್ರಿಲ್ಲಿಗೆ ನೀರೇ ಎಂದು ಮಾಲೀಕರು ಕೇಳುವುದು ನನಗೆ ಗೊತ್ತು. ತಿಳಿಗೊಳಿಸಿ ಮತ್ತೆ ಬಳಸಬಹುದಾದ ನೀರು ಅದು. ಪಾಲಿಶ್ ಘಟಕಗಳ ರಾಡಿಯನ್ನು ರಸ್ತೆಬದಿ ಸುರಿದರೆ ಬೇಸಿಗೆಯಲ್ಲಿ ಅದೇ ದೂಳಾಗಿ ಏಳುತ್ತದೆ, ಅದಕ್ಕೊಂದು ಗುಂಡಿ ಗೊತ್ತುಮಾಡಬೇಕು. ಮುಖಕ್ಕೆ ಟವೆಲ್ ಕಟ್ಟಿಕೊಳ್ಳಿ ಎಂಬ ಉಪದೇಶ ಸಾಕು ಮಾಡೋಣ. ಆ ಸಣ್ಣ ಕಣಕ್ಕೆ ಟವೆಲ್ ಅಡ್ಡವೇ ಅಲ್ಲ.

ರಾಜಸ್ಥಾನ 2019ರಲ್ಲಿ ಒಂದು ನೀತಿ ತಂದಿತು. ಸಿಲಿಕೋಸಿಸ್ ಖಚಿತವಾದರೆ 3 ಲಕ್ಷ, ಸತ್ತರೆ ಕುಟುಂಬಕ್ಕೆ 2 ಲಕ್ಷ, ಜೊತೆಗೆ ಮಾಸಾಶನ. ಮಾಲೀಕ ಯಾರೆಂದು ರೋಗಿಯೇ ಸಾಬೀತು ಮಾಡುವ ತನಕ ಕಾಯಿಸದ ಇಂಥದೊಂದು ನೀತಿ ನಮಗೂ ಬೇಕು. ಅದಕ್ಕೆ ಮುಂಚೆ ನಮ್ಮ ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರಿನ ಕೆಳಗೆ ಇನ್ನೊಂದು ಗೆರೆ ಬೇಕು: ಉದ್ಯೋಗ. ಖಣಿ ಎಂದು ಬರೆದವರಿಗೆಲ್ಲ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ.

ಮೊದಲು ಹೇಳಿದ ಆ ರೋಗಿ ಎರಡು ವರ್ಷಕ್ಕೆ ತೀರಿಕೊಂಡ. ಪರಿಹಾರಕ್ಕೆ ಅರ್ಜಿ ಹಾಕಬೇಕೆಂದು ಆತನ ಹೆಂಡತಿ ಹಳೆಯ ಚೀಟಿಗಳನ್ನೆಲ್ಲ ಸೀರೆಯ ತುಂಡಿನಲ್ಲಿ ಗಂಟುಕಟ್ಟಿ ತಂದಿದ್ದಳು. ಗಂಟು ಬಿಚ್ಚಿ ಮೇಜಿನ ಮೇಲೆ ಹರಡಿದೆವು. ಹನ್ನೊಂದು ಚೀಟಿ, ಅವುಗಳಲ್ಲಿ ನಾಲ್ಕು ನನ್ನ ಕೈಬರಹದವು. ಕೆಮ್ಮು ಇತ್ತು, ಜ್ವರ ಇತ್ತು, ತೂಕ ಇತ್ತು, ಮಾತ್ರೆಗಳ ಹೆಸರಿತ್ತು. ಆಕೆಗೆ ಓದಲು ಬರುತ್ತಿರಲಿಲ್ಲ. ಒಂದೊಂದರ ಮೇಲೂ ಬೆರಳಿಟ್ಟು, "ಇದರಾಗ ಖಣಿ ಅಂತ ಬರದೀರೇನ್ರಿ?" ಎಂದು ಕೇಳುತ್ತ ಹೋದಳು.