ಇಬ್ಬರೂ ಕೂಡಿ ಹುಡುಕೋಣ
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲೇ ಉಳಿದಾಗ, ಜೋಸೆಫರು ಮರಿಯಮ್ಮನವರನ್ನು ಮನೆಗೆ ಕಳಿಸಿ ತಾವೊಬ್ಬರೇ ಹುಡುಕಲು ಹೊರಡಲಿಲ್ಲ. ಒಂದು ದಿನದ ಹಾದಿಯನ್ನು ಇಬ್ಬರೂ ಕೂಡಿಯೇ ಹಿಂದಿರುಗಿದರು. ಮೂರನೆಯ ದಿನ ಇಬ್ಬರೂ ಕೂಡಿಯೇ ಮಗನನ್ನು ಕಂಡರು.

ನಮ್ಮ ಶಿಕಾರಿಪುರ, ಸೊರಬದ ಮನೆಗಳಲ್ಲಿ ಹೀಗಿದೆಯೇ? ಸೊರಬದ ಕಡೆ ಒಂದು ಮನೆಗೆ ರೋಗಿಯ ಭೇಟಿಗೆ ಹೋಗಿದ್ದೆವು. ಯಜಮಾನರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಜಗಲಿಯಲ್ಲಿ ಅವರೂ ನಾವೂ ಮೆಲುದನಿಯಲ್ಲಿ ಮಾತಾಡಿ, ಪ್ರಾರ್ಥಿಸಿ ಎದ್ದೆವು. ಬಾಗಿಲ ಬಳಿ ಅವರ ಮಡದಿ ಕೇಳಿದರು: "ಫಾದರ್, ಇವರಿಗೆ ಏನಾಗಿದೆ?" ಒಳಗೆ ಚಹಾ ಮಾಡುತ್ತಿದ್ದ ಆ ತಾಯಿಯನ್ನು ಕರೆದು ಕೂರಿಸಬೇಕೆಂದು ನಮಗೂ ತೋಚಿರಲಿಲ್ಲ. ನಾಚಿಕೆಯಾಯಿತು.

ಗಂಡಸರು ಇದನ್ನು ಮುಚ್ಚಿಡುವುದು ಸಂಕೋಚದಿಂದ. ಶಸ್ತ್ರಚಿಕಿತ್ಸೆಯಾದರೆ ಮೂತ್ರದ ಹಿಡಿತ ತಪ್ಪಬಹುದು, ದಾಂಪತ್ಯ ಸುಖ ಕುಂದಬಹುದು. ವಿಕಿರಣ ಚಿಕಿತ್ಸೆಗೆ ವಾರಗಟ್ಟಲೆ ಊರು ಬಿಟ್ಟಿರಬೇಕಾದೀತು, ಕರುಳಿಗೂ ತೊಂದರೆಯಾದೀತು. ರೋಗ ಮೂಳೆಗೆ ಹಬ್ಬಿದ್ದರೆ ಪುರುಷ ಹಾರ್ಮೋನನ್ನು ತಗ್ಗಿಸಬೇಕು: ಒಮ್ಮೆಗೇ ವೃಷಣ ತೆಗೆಸುವುದೋ, ತಿಂಗಳಿಗೋ ಮೂರು ತಿಂಗಳಿಗೋ ಚುಚ್ಚುಮದ್ದು ಪಡೆಯುತ್ತಿರುವುದೋ? ದೇಹ ಗಂಡನದು, ಕೊನೆಯ ಮಾತೂ ಅವರದೇ. ಆದರೆ ಅದರ ಫಲ ಇಬ್ಬರ ಬಾಳಿಗೂ ತಟ್ಟುತ್ತದೆ.

ಅವಸರವೂ ಬೇಡ, ಆಲಸ್ಯವೂ ಬೇಡ. ಬ್ರಿಟನ್ನಿನಲ್ಲಿ, ರೋಗ ಗ್ರಂಥಿಯೊಳಗೇ ಇದ್ದಾಗ ಪತ್ತೆಯಾದ 1643 ಗಂಡಸರ ಅಧ್ಯಯನ ನಡೆಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಶಸ್ತ್ರಚಿಕಿತ್ಸೆ, ವಿಕಿರಣ, ಬರೀ ನಿಗಾ, ಯಾವ ಗುಂಪಿನಲ್ಲಾದರೂ 15 ವರ್ಷಗಳಲ್ಲಿ ಈ ರೋಗದಿಂದ ತೀರಿಕೊಂಡವರು ನೂರಕ್ಕೆ ಸುಮಾರು ಮೂವರು. ನಿಗಾದಲ್ಲಿದ್ದವರಲ್ಲಿ ಮಾತ್ರ ರೋಗ ಹರಡಿದ್ದು ಹೆಚ್ಚು. ಬೇಗ ಪತ್ತೆಯಾದರೆ ಯೋಚಿಸಲು ಸಮಯವಿದೆ ಎಂದಾಯಿತು. ತಡವಾಗಿ ಪತ್ತೆಯಾದವರಿಗೆ ಈ ಲೆಕ್ಕ ಅನ್ವಯಿಸದು. ನಮ್ಮದು ಯಾವ ಹಂತ ಎಂಬುದೇ ವೈದ್ಯರಿಗೆ ಕೇಳಬೇಕಾದ ಮೊದಲ ಪ್ರಶ್ನೆ.

ಆನಂದಪುರದ ಬಳಿಯ ನರಸೀಪುರಕ್ಕೆ ಬೇರುಮದ್ದಿಗೆ ಹೋದವರು ನಮ್ಮಲ್ಲಿ ಅನೇಕರು. ಹೋದರೂ ವೈದ್ಯರಿಂದ ಮುಚ್ಚಿಡಬೇಡಿ, ಚಿಕಿತ್ಸೆಯನ್ನು ಮುಂದೂಡಬೇಡಿ. ಬೆಂಗಳೂರಿನ ಕಿದ್ವಾಯಿಗೇ ಹೋಗಲಿ, ಹತ್ತಿರದ ಆಸ್ಪತ್ರೆಗೇ ಹೋಗಲಿ, ಗಂಡ ಹೆಂಡತಿ ಇಬ್ಬರೂ ವೈದ್ಯರ ಮುಂದೆ ಕೂರಿ. ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ: ನಮಗೆ ಯಾವುದು ಭಯ? ಯಾವುದನ್ನು ತಾಳಿಕೊಂಡೇವು?

ಆ ದಿನ ಯಜಮಾನರ ಒಪ್ಪಿಗೆ ಪಡೆದು ನಾವು ಮತ್ತೆ ಒಳಗೆ ಹೋಗಿ ಕೂತೆವು, ಈ ಸಲ ಮೂವರು. ಅವರು ಹೇಳಿದರು, ಆಕೆ ಅತ್ತರು. ಬಳಿಕ ಕಣ್ಣೊರೆಸಿಕೊಂಡು ಆಕೆ ಕೇಳಿದ್ದು ಒಂದೇ: "ಆಸ್ಪತ್ರೆಗೆ ಯಾವತ್ತು ಹೋಗೋಣ?"

ಪವಿತ್ರ ಕುಟುಂಬವು ನಮ್ಮ ಮನೆಗಳನ್ನು ಕಾಯಲಿ. ಆಮೆನ್.